ಎರಡು ಪ್ರಬಂಧಗಳ ಚರಿತ್ರೆ

ವಿದ್ವಾಂಸನ ವಿದ್ವತ್ತನ್ನು ಅಳೆಯುವ ಮಾನದಂಡವಾವುದೆಂಬ ಪ್ರಶ್ನೆ ಬಹು ಪುರಾತನವಾದುದು. ರಾಜಾಸ್ಥಾನಗಳಿದ್ದ ಕಾಲದಲ್ಲಿ ಸಭೆಯ ಮುಂದೆ ನಡೆಯುತ್ತಿದ್ದ ವಾದವೂ, ಅರಸನು ಹೊದಿಸುತ್ತಿದ್ದ ಶಾಲೂ ಆ ಕಾರ್ಯವನ್ನು ಮಾಡುತ್ತಿದ್ದುವು. ಈಗಿನ ವಿಶ್ವವಿದ್ಯಾನಿಲಯಗಳಲ್ಲಿ ಆ ಸ್ಥಾನಕ್ಕೆ ಅಂಕೆಸಂಖ್ಯೆಗಳು ಬಂದು ಕುಳಿತಿವೆ. ಒಬ್ಬ ಪಂಡಿತನು ಎಷ್ಟು ಸಂಶೋಧನ ಪ್ರಬಂಧಗಳನ್ನು ಪ್ರಕಟಿಸಿದ್ದಾನೆ, ಆ ಪ್ರಬಂಧಗಳನ್ನು ಇತರ ಪಂಡಿತರು ತಮ್ಮ ಬರಹಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ, ಎಂಬ ಎರಡು ಲೆಕ್ಕಗಳನ್ನು ಮುಂದಿಟ್ಟುಕೊಂಡು ಅವನಿಗೆ ಹುದ್ದೆಯನ್ನೂ ಬಡ್ತಿಯನ್ನೂ ಗೌರವವನ್ನೂ ನಿಶ್ಚಯಿಸುವ ಪದ್ಧತಿ ಲೋಕದಲ್ಲೆಲ್ಲ ಬೇರೂರಿದೆ. ಈ ಎರಡನೆಯ ಲೆಕ್ಕಕ್ಕೆ ಉಲ್ಲೇಖದ ಲೆಕ್ಕವೆಂದು ಹೆಸರು. ನಮ್ಮ ದೇಶದಲ್ಲಿಯೂ ೨೦೧೦ ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅಧ್ಯಾಪಕರ ಸಾಧನೆಯನ್ನು ಅಂಕಗಳಲ್ಲಿ ಎಣಿಸುವ ನಿಯಮಗಳನ್ನು ಹೊರಡಿಸಿತು. ಮುಂದೆ ಅವು ಹಲವು ಸಲ ತಿದ್ದುಪಾಟು ಹೊಂದಿದುವು. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಓದಿ, ಕಾಲೇಜುಗಳಿಗೆ ಅಧ್ಯಾಪಕರಾಗಿ ಹೋದ ನಮ್ಮ ಮನೆಗಳ ಮಕ್ಕಳು ಈ ಲೆಕ್ಕದ ಬಿಸಿಯನ್ನು ಚೆನ್ನಾಗಿ ಬಲ್ಲರು.

ಈ ಮಾನದಂಡದ ಗುಣದೋಷಗಳನ್ನು ಬರಿಯ ತರ್ಕದಿಂದ ವಿಚಾರ ಮಾಡುವುದಕ್ಕಿಂತ, ನಡೆದುಹೋದ ಒಂದು ಚರಿತ್ರೆಯನ್ನು ಅದರ ಮುಂದಿಟ್ಟು ನೋಡುವುದು ಮೇಲೆಂದು ನಮಗೆ ತೋರುತ್ತದೆ. ಅದಕ್ಕಾಗಿ ಕ್ಷ-ಕಿರಣ ವೈದ್ಯಶಾಸ್ತ್ರದ ಒಂದು ಪ್ರಸಂಗವನ್ನು ಆರಿಸಿಕೊಂಡಿದ್ದೇವೆ. ಇಂದು ಪಟ್ಟಣದ ಆಸ್ಪತ್ರೆಗಳಲ್ಲಿ ‘ಸಿ.ಟಿ. ಸ್ಕ್ಯಾನ್’ ಎಂಬ ಹೆಸರನ್ನು ಕೇಳದವರಿಲ್ಲ. ಆ ಯಂತ್ರದ ಹುಟ್ಟಿಗೆ ಕಾರಣವಾದ ಗಣಿತವನ್ನು ಬಿಡಿಸಿಕೊಟ್ಟ ವಿದ್ವಾಂಸರಲ್ಲೊಬ್ಬರ ಎರಡು ಪ್ರಬಂಧಗಳು ಪ್ರಕಟವಾದ ಕಾಲದಲ್ಲಿ ಹೆಚ್ಚುಕಡಮೆ ಯಾರ ಕಣ್ಣಿಗೂ ಬೀಳದೆ ಹೋದುವು. ಆ ವಿದ್ವಾಂಸರ ಹೆಸರು ಅಲನ್ ಕಾರ್ಮಾಕ್.

ಮೊದಲು ಹಿನ್ನೆಲೆಯನ್ನು ಹೇಳಬೇಕು. ೧೮೯೫ ನೆಯ ಇಸವಿ ನವೆಂಬರ್ ೮ ರಂದು ಜರ್ಮನಿಯ ವ್ಯುರ್ಟ್ಸ್‌ಬುರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ನರು ಕ್ಷ-ಕಿರಣವನ್ನು ಕಂಡುಹಿಡಿದರು. ಆ ವಿಷಯವಾಗಿ ಅವರು ಬರೆದ ಪ್ರಬಂಧಗಳು ಕೇವಲ ಮೂರು. ೧೯೦೧ ರಲ್ಲಿ ಭೌತಶಾಸ್ತ್ರದ ಪ್ರಥಮ ನೊಬೆಲ್ ಪಾರಿತೋಷಕವು ಅವರಿಗೇ ಸಂದಿತು. ಈ ಕಿರಣಗಳಿಂದ ವೈದ್ಯನಿಗೆ ದೊರೆತದ್ದು ಶರೀರದ ನೆರಳು. ಮುರಿದ ಮೂಳೆ, ಮಗು ನುಂಗಿದ ನಾಣ್ಯ, ಇವು ಆ ನೆರಳಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದುವು. ಆದರೆ ನೆರಳಿಗೊಂದು ಕೊರತೆಯುಂಟು. ಹಿಂದೆ ಮುಂದೆ ಇರುವ ಪದಾರ್ಥಗಳೆಲ್ಲ ಅದರಲ್ಲಿ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಮೃದುವಾದ ಅಂಗಗಳ ನಡುವಣ ಅಲ್ಪ ವ್ಯತ್ಯಾಸವು ಅದರಲ್ಲಿ ತೋರುವುದಿಲ್ಲ. ಗಟ್ಟಿಯಾದ ಕಪಾಲದೊಳಗಣ ಮೆದುಳಂತೂ ಕ್ಷ-ಕಿರಣಕ್ಕೆ ಮುಚ್ಚಿದ ಪೆಟ್ಟಿಗೆಯಾಗಿಯೇ ಉಳಿಯಿತು.

ಆ ಪೆಟ್ಟಿಗೆಯೊಳಗೆ ಗಂಟು ಬೆಳೆದಿದೆಯೋ ರಕ್ತ ಸೋರಿದೆಯೋ ತಿಳಿಯಲು ವೈದ್ಯರು ಅನುಸರಿಸುತ್ತಿದ್ದ ಉಪಾಯಗಳು ರೋಗಿಗೆ ಬಹಳ ಯಾತನೆಯನ್ನು ಕೊಡುತ್ತಿದ್ದುವು. ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯರು ೧೯೧೯ ರಲ್ಲಿ ಬಳಕೆಗೆ ತಂದ ಒಂದು ವಿಧಾನದಲ್ಲಿ, ಬೆನ್ನುಹುರಿಯ ಬಳಿ ಸೂಜಿ ಚುಚ್ಚಿ, ಮೆದುಳಿನ ಸುತ್ತಲಿನ ದ್ರವವನ್ನು ಹೊರತೆಗೆದು, ಅದರ ಸ್ಥಾನದಲ್ಲಿ ಗಾಳಿಯನ್ನು ತುಂಬಬೇಕಾಗಿತ್ತು. ಆಮೇಲೆ ತೀವ್ರವಾದ ತಲೆನೋವೂ ವಾಂತಿಯೂ ರೋಗಿಯನ್ನು ದಿನಗಟ್ಟಲೆ ಬಾಧಿಸುತ್ತಿದ್ದುವು. ಹೀಗಿದ್ದರೂ ಗತ್ಯಂತರವಿಲ್ಲದೆ ಈ ಪರೀಕ್ಷೆಯು ಐವತ್ತು ವರ್ಷಗಳ ಪರ್ಯಂತ ನಡೆದುಬಂದಿತು. ಮುಂದೆ ಹೇಳಲಿರುವ ಕಥೆಯನ್ನು ಓದುವಾಗ ಮೇಜಿನ ಮೇಲೆ ಮಲಗಿದ್ದ ಆ ರೋಗಿಗಳನ್ನು ವಾಚಕರು ಮರೆಯಬಾರದು.

ಅಲನ್ ಕಾರ್ಮಾಕರು ೧೯೨೪ ರಲ್ಲಿ ದಕ್ಷಿಣ ಆಫ್ರಿಕದ ಜೊಹಾನಸ್‌ಬರ್ಗ್ ನಗರದಲ್ಲಿ ಜನಿಸಿದರು. ಕೇಪ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನು ಓದಿ, ಕೆಲಕಾಲ ಕೇಂಬ್ರಿಜ್ಜಿನಲ್ಲಿ ಸಂಶೋಧನೆ ನಡೆಸಿ, ಡಾಕ್ಟರ್ ಪದವಿಯನ್ನು ಪಡೆಯದೆಯೇ ೧೯೫೦ ರಲ್ಲಿ ಕೇಪ್‌ಟೌನಿಗೆ ಅಧ್ಯಾಪಕರಾಗಿ ಮರಳಿದರು. ಅವರ ವಿಷಯ ಪರಮಾಣು ಬೀಜದ ಭೌತಶಾಸ್ತ್ರ. ವೈದ್ಯಕ್ಕೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ೧೯೫೫ ರಲ್ಲಿ ಅಲ್ಲಿಯ ಗ್ರೂಟೆ ಸ್ಕೂರ್ ಆಸ್ಪತ್ರೆಯಲ್ಲಿದ್ದ ಭೌತವಿಜ್ಞಾನಿಯು ಹುದ್ದೆಯನ್ನು ಬಿಟ್ಟರು. ವಿಕಿರಣ ದ್ರವ್ಯಗಳ ಬಳಕೆಗೆ ಅರ್ಹನಾದ ಭೌತವಿಜ್ಞಾನಿಯ ಮೇಲ್ವಿಚಾರಣೆ ಇರಲೇಬೇಕೆಂದು ಆ ದೇಶದ ಕಾನೂನು. ಊರಿನಲ್ಲಿ ಅಂಥ ವಿದ್ಯೆಯುಳ್ಳವರು ಕಾರ್ಮಾಕರೊಬ್ಬರೇ ಆದುದರಿಂದ, ೧೯೫೬ ರ ಮೊದಲ ಆರು ತಿಂಗಳು ವಾರಕ್ಕೆ ಒಂದೂವರೆ ದಿನದಂತೆ ಅವರು ಆಸ್ಪತ್ರೆಯ ಕೆಲಸವನ್ನು ನೋಡಿಕೊಂಡರು.

ಅಲ್ಲಿ ಅವರು ಕಂಡದ್ದೇನು? ಅರ್ಬುದ ರೋಗಿಗಳಿಗೆ ಎಷ್ಟು ಕಿರಣವನ್ನು ಕೊಡಬೇಕೆಂದು ಲೆಕ್ಕ ಹಾಕುವಾಗ ಶರೀರವೆಲ್ಲ ಒಂದೇ ಸಮನಾದ ಪದಾರ್ಥವೆಂದು ಭಾವಿಸುತ್ತಿದ್ದರು. ಮೂಳೆಯು ಹೆಚ್ಚು ಕಿರಣವನ್ನು ಹೀರುತ್ತದೆ, ಗಾಳಿ ತುಂಬಿದ ಶ್ವಾಸಕೋಶವು ಕಡಮೆ ಹೀರುತ್ತದೆ. ಹೀಗಿರಲು ಲೆಕ್ಕವು ಸರಿಯಾಗುವುದೆಂತು? ಶರೀರದ ಒಳಗೆ ಎಲ್ಲೆಲ್ಲಿ ಎಷ್ಟೆಷ್ಟು ಹೀರುವ ಪದಾರ್ಥವಿದೆಯೆಂಬುದನ್ನು ಹೊರಗಿನಿಂದಲೇ ಅಳೆದು ತಿಳಿಯಬೇಕು ಎಂದು ಕಾರ್ಮಾಕರಿಗೆ ಹೊಳೆಯಿತು.

ಈ ಸಮಸ್ಯೆಯ ಸ್ವರೂಪವನ್ನು ಒಂದು ಉದಾಹರಣೆಯಿಂದ ವಿಶದಪಡಿಸಬಹುದು. ಒಂದು ಮಂಡಿಯಲ್ಲಿ ಧಾನ್ಯದ ಮೂಟೆಗಳನ್ನು ಚದುರಂಗದ ಮಣೆಯಂತೆ ಸಾಲುಸಾಲಾಗಿ ಜೋಡಿಸಿದ್ದಾರೆಂದು ಭಾವಿಸೋಣ. ಒಂದೊಂದು ಮೂಟೆಯನ್ನು ಬಿಚ್ಚಿ ನೋಡಲು ಅಪ್ಪಣೆಯಿಲ್ಲ. ಒಂದೊಂದು ಸಾಲಿನ ಒಟ್ಟು ತೂಕವನ್ನು ಮಾತ್ರ ಹೇಳುತ್ತಾರೆ. ಉದ್ದಸಾಲಿನ ತೂಕಗಳಷ್ಟೇ ತಿಳಿದರೆ ಯಾವ ಮೂಟೆ ಭಾರ, ಯಾವುದು ಹಗುರ ಎಂದು ಗೊತ್ತಾಗದು. ಅಡ್ಡಸಾಲಿನ ತೂಕಗಳೂ, ಓರೆಯಾದ ಸಾಲುಗಳ ತೂಕಗಳೂ ತಿಳಿಯುತ್ತ ಹೋದಂತೆ ಒಗಟು ಬಿಡಿಸತೊಡಗುತ್ತದೆ. ಸಾಕಷ್ಟು ದಿಕ್ಕುಗಳಿಂದ ಲೆಕ್ಕ ಸಿಕ್ಕಿತೆಂದರೆ ಪ್ರತಿಯೊಂದು ಮೂಟೆಯ ತೂಕವನ್ನೂ ಗಣಿತದಿಂದಲೇ ಹೇಳಬಹುದು. ಕ್ಷ-ಕಿರಣದ ಒಂದು ಸಣ್ಣ ಧಾರೆಯು ಶರೀರವನ್ನು ಹಾದು ಹೊರಬಂದಾಗ ಎಷ್ಟು ಕ್ಷೀಣಿಸಿತೆಂಬುದು ಒಂದು ಸಾಲಿನ ಒಟ್ಟು ತೂಕಕ್ಕೆ ಸಮಾನ. ನೂರಾರು ದಿಕ್ಕುಗಳಿಂದ ಅಂಥ ಧಾರೆಗಳನ್ನು ಹಾಯಿಸಿ ಅಳೆದರೆ ಶರೀರದ ಒಂದು ಪದರದ ಚಿತ್ರವನ್ನು ಕತ್ತರಿಸದೆಯೇ ಪಡೆಯಬಹುದು. ಸಿ.ಟಿ. ಯಂತ್ರದ ರಹಸ್ಯವೆಲ್ಲ ಇಷ್ಟೆ.

೧೯೫೭ ರಲ್ಲಿ ಕೇಪ್‌ಟೌನಿನಲ್ಲಿಯೇ ಕಾರ್ಮಾಕರು ತಮ್ಮ ಮೊದಲ ಪ್ರಯೋಗವನ್ನು ಮಾಡಿದರು. ಅಲ್ಯೂಮಿನಿಯಮ್ ದುಂಡಿನ ಸುತ್ತ ಮರದ ಬಳೆಯನ್ನು ತೊಡಿಸಿ, ಕೋಬಾಲ್ಟ್-೬೦ ರ ಕಿರಣಗಳನ್ನು ಹಾಯಿಸಿ ಲೆಕ್ಕ ಮಾಡಲಾಗಿ, ಮರವೂ ಲೋಹವೂ ಬೇರೆಬೇರೆಯಾಗಿ ಕಂಡುಬಂದುವು. ಅಷ್ಟೇ ಅಲ್ಲ, ದುಂಡಿನ ನಡುಮಧ್ಯದಲ್ಲಿ ಲೋಹದ ಗುಣವು ತುಸು ಬೇರೆಯಾಗಿರುವಂತೆ ಲೆಕ್ಕವು ತೋರಿಸಿತು. ಅದನ್ನು ತಯಾರಿಸಿದ ಕಮ್ಮಟದವನನ್ನು ಕೇಳಿದಾಗ, ಮಧ್ಯದಲ್ಲಿ ಇನ್ನೂ ಶುದ್ಧವಾದ ಅಲ್ಯೂಮಿನಿಯಮಿನ ಗೂಟವೊಂದನ್ನು ಸೇರಿಸಿದ್ದುದು ತಿಳಿಯಿತು. ಪ್ರಯೋಗ ಮಾಡಿದವರಿಗೇ ಅರಿವಿಲ್ಲದ ಸಂಗತಿಯನ್ನು ಗಣಿತವು ಹೊರಗೆಡಹಿತು. ಒಂದು ವಿಧಾನವು ನೆಚ್ಚತಕ್ಕದ್ದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವಿರಲಾರದು.

ಅದೇ ವರ್ಷ ಅವರು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯಕ್ಕೆ ಹೋದರು. ೧೯೬೩ ರಲ್ಲಿ ಒಬ್ಬ ವಿದ್ಯಾರ್ಥಿಯ ಸಹಾಯದಿಂದ ಎರಡನೆಯ ಪ್ರಯೋಗವನ್ನು ನಡೆಸಿದರು. ಈ ಸಲ ಕಪಾಲದ ಸ್ಥಾನದಲ್ಲಿ ಅಲ್ಯೂಮಿನಿಯಮಿನ ಬಳೆ, ಮೃದು ಅಂಗದ ಸ್ಥಾನದಲ್ಲಿ ಪ್ಲ್ಯಾಸ್ಟಿಕ್ಕಿನ ಬಿಲ್ಲೆ, ಗಂಟುಗಳ ಸ್ಥಾನದಲ್ಲಿ ಎರಡು ಅಲ್ಯೂಮಿನಿಯಮ್ ತುಂಡುಗಳು. ಲೆಕ್ಕವು ಇವೆಲ್ಲವನ್ನೂ ಇದ್ದ ಸ್ಥಳದಲ್ಲಿಯೇ ತೋರಿಸಿಕೊಟ್ಟಿತು. ಈ ಕೆಲಸದ ವಿವರವು ೧೯೬೩ ಮತ್ತು ೧೯೬೪ ರಲ್ಲಿ ‘ಜರ್ನಲ್ ಆಫ್ ಅಪ್ಲೈಡ್ ಫಿಸಿಕ್ಸ್’ ಎಂಬ ಪತ್ರಿಕೆಯಲ್ಲಿ ಎರಡು ಪ್ರಬಂಧಗಳಾಗಿ ಪ್ರಕಟವಾಯಿತು.

ಲೋಕವು ಏನೆಂದಿತು? ಹೆಚ್ಚುಕಡಮೆ ಏನೂ ಅನ್ನಲಿಲ್ಲ. ಪ್ರಬಂಧದ ಪ್ರತಿಯನ್ನು ಕೇಳಿ ಬಂದ ಪತ್ರಗಳಲ್ಲಿ ಕುತೂಹಲಕರವಾದದ್ದು ಸ್ವಿಟ್ಜರ್ಲೆಂಡಿನ ಹಿಮಪಾತ ಸಂಶೋಧನ ಕೇಂದ್ರದ್ದೆಂದು ಕಾರ್ಮಾಕರು ಮುಂದೆ ನೆನೆದುಕೊಂಡರು. ಬೆಟ್ಟದ ಮೇಲೆ ಪದರಪದರವಾಗಿ ಕೂಡಿದ ಹಿಮವನ್ನು ಅಳೆಯಲು ಈ ಗಣಿತ ಉಪಯೋಗಕ್ಕೆ ಬಂದೀತೇ ಎಂಬುದು ಅಲ್ಲಿಯವರ ಆಸೆ. ವೈದ್ಯಲೋಕದಿಂದ ಗಣ್ಯವಾದ ವಿಚಾರಣೆಯೊಂದೂ ಬರಲಿಲ್ಲ. ಕಾರ್ಮಾಕರು ಬೇಸರಪಟ್ಟು ಕುಳಿತವರಲ್ಲ. ತಮ್ಮ ಎಂದಿನ ಪಾಠಕ್ಕೂ ಪರಮಾಣು ಸಂಶೋಧನೆಗೂ ಮರಳಿದರು.

ಈ ಮೌನಕ್ಕೆ ಯಾರ ಅಸೂಯೆಯೂ ಕಾರಣವಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮೊದಲನೆಯದಾಗಿ, ಭೌತಶಾಸ್ತ್ರದ ಪತ್ರಿಕೆಯನ್ನು ವೈದ್ಯರು ಓದುವುದಿಲ್ಲ. ಎರಡನೆಯದಾಗಿ, ಪ್ರಬಂಧದ ಭಾಷೆಯೇ ಗಣಿತ; ಅದನ್ನು ಓದಬಲ್ಲವರಿಗೆ ಆಸ್ಪತ್ರೆಯ ಕಷ್ಟ ತಿಳಿಯದು, ಆಸ್ಪತ್ರೆಯ ಕಷ್ಟ ತಿಳಿದವರಿಗೆ ಆ ಭಾಷೆ ಬಾರದು. ಮೂರನೆಯದಾಗಿ, ಸಾವಿರಾರು ಅಳತೆಗಳನ್ನು ಕೂಡಿ ಕಳೆಯಬಲ್ಲ ಗಣಕಯಂತ್ರಗಳು ಆಗ ವಿರಳವಾಗಿಯೂ ದುಬಾರಿಯಾಗಿಯೂ ಇದ್ದುವು. ಬೀಜವು ಒಳ್ಳೆಯದಾದರೂ ನೆಲ ಹದವಾಗಿರಲಿಲ್ಲ.

ಆದರೆ ಈ ಕಥೆಗೆ ಮತ್ತೊಂದು ಮುಖವಿದೆ. ಕಾರ್ಮಾಕರು ಬಿಡಿಸಿದ ಗಣಿತದ ಸಮಸ್ಯೆಯನ್ನು ಅವರಿಗಿಂತ ಬಹಳ ಹಿಂದೆ, ೧೯೧೭ ರಲ್ಲಿಯೇ, ಯೊಹಾನ್ ರಾಡಾನ್ ಎಂಬ ಆಸ್ಟ್ರಿಯದ ಗಣಿತಜ್ಞರು ಬಿಡಿಸಿ, ಲೈಪ್‌ಜಿಗ್‌ನ ವಿದ್ವತ್ಸಂಸ್ಥೆಯ ವರದಿಗಳಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ್ದರು. ರಾಡಾನರಿಗೆ ಅದು ಶುದ್ಧ ಗಣಿತದ ವಿನೋದ. ಕ್ಷ-ಕಿರಣದ ಮಾತೇ ಅಲ್ಲಿರಲಿಲ್ಲ. ಕಾರ್ಮಾಕರು ಕೇಪ್‌ಟೌನಿನ ಆಸ್ಪತ್ರೆಯಲ್ಲಿ ಈ ಚಿಂತನೆಯನ್ನು ಆರಂಭಿಸಿದ ೧೯೫೬ ನೆಯ ಇಸವಿಯಲ್ಲಿಯೇ ರಾಡಾನರು ವಿಯೆನ್ನಾದಲ್ಲಿ ತೀರಿಕೊಂಡರು. ರಾಡಾನರ ಪ್ರಬಂಧದ ಸುದ್ದಿ ಕಾರ್ಮಾಕರ ಕಿವಿಗೆ ಬಿದ್ದದ್ದು ೧೪ ವರ್ಷಗಳು ಕಳೆದ ಮೇಲೆ. ಅದೇ ೧೯೫೬ ರಲ್ಲಿ ರೊನಾಲ್ಡ್ ಬ್ರೇಸ್‌ವೆಲ್ ಎಂಬ ಖಗೋಳವಿಜ್ಞಾನಿಯು ಆಕಾಶದಿಂದ ಬರುವ ರೇಡಿಯೋ ಅಲೆಗಳ ಚಿತ್ರವನ್ನು ರಚಿಸಲು ಇದೇ ಬಗೆಯ ಗಣಿತವನ್ನು ಪ್ರಕಟಿಸಿದರು. ೧೯೬೧ ರಲ್ಲಿ ಅಮೆರಿಕದ ನರವೈದ್ಯ ವಿಲಿಯಮ್ ಓಲ್ಡನ್‌ಡಾರ್ಫರು ಆಟಿಕೆಯ ರೈಲು ಹಳಿಯ ಮೇಲೆ ಕಬ್ಬಿಣದ ಮೊಳೆಗಳನ್ನು ನಿಲ್ಲಿಸಿ, ಹೊರಗಿನಿಂದ ಒಳಗಣ ವಸ್ತುವನ್ನು ಗುರುತಿಸಬಹುದೆಂದು ತೋರಿಸಿದರು. ಯಂತ್ರ ತಯಾರಕರು ಅವರ ಸಲಹೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೇ ಬಾವಿಯನ್ನು ನಾಲ್ಕು ಜನ ನಾಲ್ಕು ಕಡೆಯಿಂದ ತೋಡುತ್ತಿದ್ದರು. ಒಬ್ಬರ ಗುದ್ದಲಿಯ ಸದ್ದು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ.

ನೀರು ಬಂದದ್ದು ಇಂಗ್ಲೆಂಡಿನಲ್ಲಿ. ಗಾಡ್‌ಫ್ರಿ ಹೌನ್ಸ್‌ಫೀಲ್ಡರು ಇ.ಎಂ.ಐ. ಎಂಬ, ಗ್ರಾಮಫೋನ್ ತಟ್ಟೆಗಳಿಗೆ ಪ್ರಸಿದ್ಧವಾದ ಕಂಪೆನಿಯಲ್ಲಿ ಇಂಜಿನಿಯರರು. ಅವರೂ ಡಾಕ್ಟರ್ ಪದವಿಯುಳ್ಳವರಲ್ಲ. ಕಾರ್ಮಾಕರ ಪ್ರಬಂಧಗಳನ್ನು ಆಶ್ರಯಿಸದೆ, ೧೯೬೭ ರಲ್ಲಿ ತಾವೇ ಸ್ವತಂತ್ರವಾಗಿ ಈ ಆಲೋಚನೆಗೆ ಬಂದರು. ಹಳೆಯ ಚರಕಿಯಂತ್ರದ ಚೌಕಟ್ಟಿನ ಮೇಲೆ ನಿಲ್ಲಿಸಿದ ಮೊದಲ ಉಪಕರಣದಿಂದ ಒಂದು ವಸ್ತುವನ್ನು ಅಳೆಯುವುದಕ್ಕೆ ೯ ದಿನಗಳು ಹಿಡಿದುವು. ಕ್ಷ-ಕಿರಣ ನಳಿಕೆಯನ್ನು ಜೋಡಿಸಿದ ಮೇಲೆ ಅದು ೯ ಗಂಟೆಗಳಿಗೆ ಇಳಿಯಿತು. ೧೯೭೧ ನೆಯ ಇಸವಿ ಅಕ್ಟೋಬರ್ ೧ ರಂದು ಲಂಡನ್ನಿನ ವಿಂಬಲ್ಡನ್ ಪ್ರದೇಶದ ಅಟ್‌ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ಕ್ಷ-ಕಿರಣ ವೈದ್ಯ ಜೇಮ್ಸ್ ಆಂಬ್ರೋಸರ ಸಹಯೋಗದಿಂದ, ಮೆದುಳಿನಲ್ಲಿ ಗಂಟಿದೆಯೆಂದು ಸಂಶಯವಿದ್ದ ಒಬ್ಬ ಸ್ತ್ರೀರೋಗಿಯ ತಲೆಯ ಚಿತ್ರವನ್ನು ತೆಗೆದರು. ಗಂಟು ಕಂಡಿತು. ಸೂಜಿಯಿಲ್ಲ, ಗಾಳಿಯಿಲ್ಲ, ಯಾತನೆಯಿಲ್ಲ. ೧೯೭೩ ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ರೇಡಿಯಾಲಜಿ’ಯಲ್ಲಿ ಈ ಕಾರ್ಯದ ವಿವರಗಳು ಪ್ರಕಟವಾದಾಗ ವೈದ್ಯಲೋಕವು ಒಮ್ಮೆಗೇ ಎಚ್ಚರಗೊಂಡಿತು. ಕೆಲವೇ ವರ್ಷಗಳಲ್ಲಿ ಮೆದುಳಿಗೆ ಗಾಳಿ ತುಂಬುವ ಪರೀಕ್ಷೆಯು ಮರೆಗೆ ಸರಿಯಿತು.

ಈ ಚರಿತ್ರೆಯಲ್ಲಿ ಕನ್ನಡ ನಾಡಿನ ರಾಜಧಾನಿಗೂ ಒಂದು ಸ್ಥಾನವಿರುವುದನ್ನು ಹಲವರು ಅರಿಯರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ನರು, ಮದರಾಸಿನಲ್ಲಿ ಸಸಾರಜನಕ ಪದಾರ್ಥಗಳ ರಚನೆಯನ್ನು ಕುರಿತು ಜಗತ್ಪ್ರಸಿದ್ಧವಾದ ಕೆಲಸ ಮಾಡಿ, ಮರಳಿ ಬೆಂಗಳೂರಿಗೆ ಬಂದು ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದರು. ಅವರೂ ಎ. ವಿ. ಲಕ್ಷ್ಮೀನಾರಾಯಣನ್ನರೂ ಸೇರಿ ೧೯೭೧ ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ನೆರಳುಗಳಿಂದ ಮೂಲರೂಪವನ್ನು ರಚಿಸಲು ಅದುವರೆಗೆ ಬಳಸುತ್ತಿದ್ದ ಸುತ್ತುಬಳಸಿನ ಗಣಿತಕ್ಕೆ ಬದಲಾಗಿ ನೇರವಾದ ದಾರಿಯೊಂದನ್ನು ಅವರು ತೋರಿಸಿದರು. ಪ್ರತಿಯೊಂದು ನೆರಳನ್ನೂ ಮೊದಲು ಒಂದು ಗಣಿತದ ಜರಡಿಯಲ್ಲಿ ಶೋಧಿಸಿ, ಬಳಿಕ ಅದು ಬಂದ ದಿಕ್ಕಿನಲ್ಲಿಯೇ ಹಿಂದಕ್ಕೆ ಹರಡಿ, ಎಲ್ಲವನ್ನೂ ಕೂಡಿಸುವುದು ಅವರ ಕ್ರಮ. ಇದರಿಂದ ಗಣಕಯಂತ್ರದ ಶ್ರಮವು ಬಹಳ ಉಳಿಯಿತು, ಚಿತ್ರವೂ ಹೆಚ್ಚು ನಿಖರವಾಯಿತು. ಬ್ರೇಸ್‌ವೆಲ್ಲರೂ ಅವರ ಸಂಗಡಿಗರೊಬ್ಬರೂ ೧೯೬೭ ರಲ್ಲಿ ಖಗೋಳಶಾಸ್ತ್ರಕ್ಕಾಗಿ ಇಂಥದೇ ಕ್ರಮವನ್ನು ಸೂಚಿಸಿದ್ದರು. ಇಲ್ಲಿಯೂ ಅದೇ ಬಾವಿ, ಬೇರೆ ಬೇರೆ ಗುದ್ದಲಿ. ಹೌನ್ಸ್‌ಫೀಲ್ಡರ ಮೊದಲ ಯಂತ್ರವು ಬೇರೊಂದು ಬಗೆಯ ಲೆಕ್ಕವನ್ನು ಅನುಸರಿಸಿತಾದರೂ, ಅನಂತರದ ಯಂತ್ರಗಳು ಈ ಶೋಧಿಸಿ ಹರಡುವ ಕ್ರಮಕ್ಕೆ ತಿರುಗಿದುವು. ಪಠ್ಯಪುಸ್ತಕಗಳಲ್ಲಿ ಆ ಜರಡಿಗೆ ಇವರಿಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ‘ರ‍್ಯಾಮ್-ಲ್ಯಾಕ್’ ಎಂದೇ ಕರೆಯುತ್ತಾರೆ. ರಾಮಚಂದ್ರನ್ನರು ೨೦೦೧ ರಲ್ಲಿ ದಿವಂಗತರಾದರು.

೧೯೭೯ ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಕಾರ್ಮಾಕರಿಗೂ ಹೌನ್ಸ್‌ಫೀಲ್ಡರಿಗೂ ಜಂಟಿಯಾಗಿ ಕೊಟ್ಟರು. ಒಬ್ಬರು ಭೌತವಿಜ್ಞಾನಿ, ಒಬ್ಬರು ಇಂಜಿನಿಯರು. ಇಬ್ಬರೂ ವೈದ್ಯರಲ್ಲ, ಇಬ್ಬರೂ ಎಂದೂ ಕೂಡಿ ಕೆಲಸ ಮಾಡಿದವರಲ್ಲ. ಹೌನ್ಸ್‌ಫೀಲ್ಡರ ಹೆಸರು ಇಂದಿಗೂ ಪ್ರತಿಯೊಂದು ಸ್ಕ್ಯಾನಿನ ಅಳತೆಯ ಮಾನವಾಗಿ ಉಳಿದಿದೆ: ಆ ಮಾನದಲ್ಲಿ ನೀರಿಗೆ ೦, ಗಾಳಿಗೆ ಋಣ ೧೦೦೦. ಕಾರ್ಮಾಕರು ೧೯೯೮ ರಲ್ಲಿಯೂ ಹೌನ್ಸ್‌ಫೀಲ್ಡರು ೨೦೦೪ ರಲ್ಲಿಯೂ ಕಾಲವಾದರು.

ಇನ್ನು ಆರಂಭದ ಪ್ರಶ್ನೆಗೆ ಬರೋಣ. ಉಲ್ಲೇಖಗಳನ್ನು ಎಣಿಸುವ ಪದ್ಧತಿಯ ಜನಕರು ಅಮೆರಿಕದ ಯೂಜೀನ್ ಗಾರ್ಫೀಲ್ಡರು. ನ್ಯಾಯವಾದಿಗಳ ಉಪಯೋಗಕ್ಕಾಗಿ ೧೮೭೩ ರಿಂದ ಪ್ರಕಟವಾಗುತ್ತಿದ್ದ ಒಂದು ಸೂಚಿಗ್ರಂಥವು ಅವರಿಗೆ ಮಾದರಿಯಾಯಿತು. ಹಳೆಯ ತೀರ್ಪೊಂದನ್ನು ಅನಂತರದ ಯಾವ ತೀರ್ಪುಗಳು ಎತ್ತಿಹಿಡಿದುವು, ಯಾವುವು ತಳ್ಳಿಹಾಕಿದುವು ಎಂದು ಅದು ತಿಳಿಸುತ್ತಿತ್ತು. ವಿಜ್ಞಾನಕ್ಕೂ ಅಂಥದೊಂದು ಬೇಕೆಂದು ಗಾರ್ಫೀಲ್ಡರು ೧೯೫೫ ರಲ್ಲಿ, ಎಂದರೆ ಕೇಪ್‌ಟೌನಿನ ಆಸ್ಪತ್ರೆಯ ಹುದ್ದೆ ತೆರವಾದ ವರ್ಷದಲ್ಲಿಯೇ, ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಕಾರ್ಮಾಕರ ಪ್ರಬಂಧಗಳು ಹೊರಬಂದ ಕಾಲದಲ್ಲಿಯೇ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಕೂಡ ಹೊರಬರತೊಡಗಿತು. ಇದರ ಮೂಲೋದ್ದೇಶವು ಪಂಡಿತರಿಗೆ ಅಂಕ ಕೊಡುವುದಾಗಿರಲಿಲ್ಲ. ಒಂದು ವಿಚಾರದ ಬೆಳವಣಿಗೆಯನ್ನು ಹುಡುಕಿಕೊಳ್ಳಲು ದಾರಿದೀಪವಾಗುವುದಾಗಿತ್ತು. ಗುದ್ದಲಿಗಳ ಸದ್ದು ಪರಸ್ಪರ ಕೇಳಿಸುವಂತೆ ಮಾಡುವುದೇ ಅದರ ಕೆಲಸ. ಆದರೆ ದೀಪವು ಕಾಲಕ್ರಮದಲ್ಲಿ ತಕ್ಕಡಿಯಾಯಿತು. ೨೦೦೫ ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ‘ಎಚ್-ಸೂಚ್ಯಂಕ’ವೆಂಬ ಒಂದು ಸಂಖ್ಯೆಯನ್ನು ಸೂಚಿಸಿದರು. ತಲಾ ೧೦ ಸಲವಾದರೂ ಉಲ್ಲೇಖಗೊಂಡ ೧೦ ಪ್ರಬಂಧಗಳು ಒಬ್ಬನಿಗಿದ್ದರೆ ಅವನ ಅಂಕ ೧೦. ತಲಾ ೨೦ ಸಲದ ೨೦ ಪ್ರಬಂಧಗಳಿದ್ದರೆ ೨೦.

ಈ ತಕ್ಕಡಿಯಲ್ಲಿ ನಮ್ಮ ಎರಡು ಪ್ರಬಂಧಗಳನ್ನು ಇಟ್ಟು ನೋಡೋಣ. ಬರೆದದ್ದು ಎರಡೇ ಆದುದರಿಂದ, ಲೋಕದ ವೈದ್ಯರೆಲ್ಲರೂ ಅವುಗಳನ್ನು ಲಕ್ಷ ಸಲ ಉಲ್ಲೇಖಿಸಿದರೂ, ಅವುಗಳಿಂದ ಬರುವ ಅಂಕವು ೨ ನ್ನು ಮೀರಲಾರದು. ಕ್ಷ-ಕಿರಣವನ್ನು ಕುರಿತ ರಾಂಟ್‌ಜನ್ನರ ಬರಹಗಳಿಗೆ ೩ ನ್ನು ಮೀರಿ ಸಿಕ್ಕದು. ಅಲ್ಲದೆ, ಕಾರ್ಮಾಕರು ೧೯೬೮ ರಲ್ಲಿ ಈ ಕೆಲಸವನ್ನು ಮುಂದಿಟ್ಟುಕೊಂಡು ಹುದ್ದೆಗೆ ಅರ್ಜಿ ಹಾಕಿದ್ದರೆ ಲೆಕ್ಕಿಗನು ಏನೆನ್ನುತ್ತಿದ್ದನು? ಯಾರೂ ಓದದ ಪ್ರಬಂಧಗಳೆನ್ನುತ್ತಿದ್ದನು. ಲೆಕ್ಕವು ಸುಳ್ಳಲ್ಲ, ತೀರ್ಪು ಮಾತ್ರ ಸುಳ್ಳಾಗುತ್ತಿತ್ತು. ಬಹುಕಾಲ ನಿದ್ರಿಸಿ ಅನಂತರ ಎಚ್ಚರಗೊಳ್ಳುವ ಇಂಥ ಪ್ರಬಂಧಗಳಿಗೆ ೨೦೦೪ ರಲ್ಲಿ ಒಬ್ಬ ಡಚ್ ಪಂಡಿತರು ‘ನಿದ್ರಿಸುವ ಸುಂದರಿ’ಯರೆಂದೇ ಹೆಸರಿಟ್ಟರು. ಇದಕ್ಕೆ ವಿರುದ್ಧವಾದ ವಿಚಿತ್ರವೂ ಉಂಟು. ಒಂದು ಆವಿಷ್ಕಾರವು ಎಲ್ಲರ ಸೊತ್ತಾಗಿಬಿಟ್ಟಾಗ ಅದನ್ನು ಯಾರೂ ಉಲ್ಲೇಖಿಸುವುದಿಲ್ಲ. ಇಂದು ಎದೆಯ ಕ್ಷ-ಕಿರಣ ಚಿತ್ರವನ್ನು ನೋಡಿ ಬರೆಯುವ ಯಾವ ವೈದ್ಯನು ರಾಂಟ್‌ಜನ್ನರ ೧೮೯೫ ರ ಪ್ರಬಂಧವನ್ನು ಹೆಸರಿಸುತ್ತಾನೆ?

ಹೀಗೆಂದು ಎಣಿಕೆಯನ್ನೇ ತಿರಸ್ಕರಿಸುವುದು ನ್ಯಾಯವಲ್ಲ. ಲೆಕ್ಕವಿಲ್ಲದ ಕಡೆ ಪಕ್ಷಪಾತಕ್ಕೆ ಬಾಗಿಲು ತೆರೆದಿರುತ್ತದೆ. ಪ್ರಭಾವಶಾಲಿಗಳ ಪರಿಚಯವಿಲ್ಲದ, ದೂರದ ಊರಿನ ಬಡ ಅಧ್ಯಾಪಕನೊಬ್ಬನು ‘ನನ್ನ ಕೆಲಸವನ್ನು ಇಷ್ಟು ಜನ ಬಳಸಿದ್ದಾರೆ’ ಎಂದು ಎದೆಯೆತ್ತಿ ಹೇಳಲು ಈ ಅಂಕವು ನೆರವಾಗುತ್ತದೆ. ಉಲ್ಲೇಖವೆಂಬುದು ಸ್ವಭಾವತಃ ಋಣದ ಒಪ್ಪಿಗೆ. ‘ಈ ವಿಚಾರವನ್ನು ನಾನು ಇಂಥವರಿಂದ ಪಡೆದೆ’ ಎಂದು ಸಾರ್ವಜನಿಕವಾಗಿ ಹೇಳುವ ಸೌಜನ್ಯ. ಆ ಸೌಜನ್ಯವು ವ್ಯಾಪಾರವಾದಾಗ ಕೇಡು ಹುಟ್ಟುತ್ತದೆ. ತಮ್ಮನ್ನು ತಾವೇ ಉಲ್ಲೇಖಿಸಿಕೊಳ್ಳುವುದು, ಒಂದು ಪ್ರಬಂಧವನ್ನು ನಾಲ್ಕಾಗಿ ಸೀಳುವುದು, ಇವೆಲ್ಲ ಆ ಕೇಡಿನ ಮಕ್ಕಳು. ಆದುದರಿಂದಲೇ ೨೦೧೨ ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರೂ ವಿದ್ವಾಂಸರೂ ಒಂದು ಘೋಷಣೆಯನ್ನು ಸಿದ್ಧಪಡಿಸಿ, ಪತ್ರಿಕೆಯ ಅಂಕದಿಂದ ವ್ಯಕ್ತಿಯ ಯೋಗ್ಯತೆಯನ್ನು ನಿರ್ಣಯಿಸಬಾರದು, ಬರಹವನ್ನೇ ಓದಿ ನಿರ್ಣಯಿಸಬೇಕು ಎಂದು ಲೋಕಕ್ಕೆ ಸಾರಿದರು.

ಈ ಚರಿತ್ರೆಯಿಂದ ನಾವು ಗ್ರಹಿಸತಕ್ಕದ್ದು ಎರಡು ಸಂಗತಿಗಳೆಂದು ನಮ್ಮ ಅಭಿಪ್ರಾಯ. ಬರೆಯುವವನು ಸರಿಯಾಗಿ ಬರೆದು, ಮುಂದಿನವರ ಕೈಗೆ ಸಿಕ್ಕುವಂತೆ ಅಚ್ಚಿನಲ್ಲಿ ಇರಿಸಬೇಕು. ರಾಡಾನರೂ ಕಾರ್ಮಾಕರೂ ಹಾಗೆ ಇರಿಸಿದ್ದರಿಂದಲೇ ತಡವಾಗಿಯಾದರೂ ಅವರ ಕೆಲಸವು ಲೋಕಕ್ಕೆ ದಕ್ಕಿತು. ಓದುವವನ ಹೊಣೆ ಇನ್ನೂ ದೊಡ್ಡದು. ತನ್ನ ಶಾಸ್ತ್ರದ ಬೇಲಿಯಾಚೆ, ತನ್ನ ಭಾಷೆಯ ಬೇಲಿಯಾಚೆ ಏನು ನಡೆದಿದೆಯೆಂದು ಅವನು ಇಣಿಕಿ ನೋಡಬೇಕು. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಗಡಿನಾಡಿನ ಮಕ್ಕಳಿಗೆ ಆ ಅಭ್ಯಾಸವು ಮನೆಯಲ್ಲಿಯೇ ಬಂದಿರುತ್ತದೆ. ಅವರಲ್ಲಿ ಯಾರಾದರೂ ನಾಳೆ ಸಂಶೋಧಕರಾದಾಗ, ತಮ್ಮ ಬರಹವನ್ನು ಮೊದಲ ವರ್ಷ ಎಷ್ಟು ಜನ ಹೆಸರಿಸಿದರೆಂದು ಎಣಿಸುತ್ತ ಕೂರದೆ, ತಾವು ಹೆಸರಿಸಬೇಕಾದ ಯಾವ ಹಳೆಯ ಪುಟವು ಯಾವ ಕಪಾಟಿನಲ್ಲಿ ಧೂಳು ಹಿಡಿದು ಕಾದಿದೆಯೋ ಅದನ್ನು ಹುಡುಕಲಿ. ಅಂಥ ಹುಡುಕಾಟವು ಒಂದು ದಿನ ಮುಂಚಿತವಾಗಿ ಸಫಲವಾದರೂ, ಯಾವುದೋ ಆಸ್ಪತ್ರೆಯ ಮೇಜಿನ ಮೇಲೆ ಮಲಗಿದವರ ಒಂದು ದಿನದ ಯಾತನೆ ತಪ್ಪುತ್ತದೆ.